ವರದಕ್ಷಿಣೆ ಅಲ್ಲಿಯೂ ಇತ್ತು

ಶಿರಸಿಯ ಓದುಗರೊಬ್ಬರ ಪತ್ರ: 'ಐರ್ಲೆಂಡಿನ ಲಿಸ್ಡೂನ್‌ವರ್ನಾದ ವಧೂವರರ ಜಾತ್ರೆಯ ಲೇಖನ ಚೆನ್ನಾಗಿತ್ತು. ಹಿರಿಯರು ಕೂಡಿಸಿದ ಮದುವೆ, ವರದಕ್ಷಿಣೆಯ ಪಿಡುಗಿಲ್ಲ, ಸಂಸಾರ ಮುರಿಯುವುದೂ ಇಲ್ಲ. ಆ ಪದ್ಧತಿಯನ್ನು ಇನ್ನಷ್ಟು ಮೆಚ್ಚಿ ಬರೆಯಬಹುದಿತ್ತಲ್ಲವೇ?'

ಸಂಪಾದಕರ ಉತ್ತರ:

ಮಾನ್ಯರೇ, ಜಾತ್ರೆ ನನಗೂ ಇಷ್ಟವೇ. ಕ್ಲೇರ್ ಕೌಂಟಿಯ ಆ ಪುಟ್ಟ ಊರಿಗೆ ಜನ ಬರುತ್ತಿದ್ದುದು ಗಂಧಕದ ನೀರಿನ ಚಿಕಿತ್ಸೆಗೆ. ಸುಗ್ಗಿ ಮುಗಿಸಿದ ರೈತರು ಸೆಪ್ಟೆಂಬರಿನಲ್ಲಿ ಅಲ್ಲಿ ಸೇರಿದಾಗ ಹೆಣ್ಣುಗಂಡಿನ ಮಾತುಕತೆಯೂ ನಡೆಯುತ್ತಿತ್ತು. ಈಗ ಹಾಡು, ಕುಣಿತಗಳೇ ಹೆಚ್ಚು. ಆದರೆ ವರದಕ್ಷಿಣೆ ಇರಲಿಲ್ಲ ಎಂಬ ಮಾತನ್ನು ನಾನು ಒಪ್ಪಲಾರೆ.

1845ರಲ್ಲಿ ಆಲೂಗಡ್ಡೆಗೆ ತಗುಲಿದ ರೋಗದಿಂದ ಆರಂಭವಾದ ಮಹಾಕ್ಷಾಮ ಸುಮಾರು 10 ಲಕ್ಷ ಜನರನ್ನು ಬಲಿತೆಗೆದುಕೊಂಡಿತು. ಅದಕ್ಕೂ ಮೊದಲು ಬಡ ರೈತರು ಇದ್ದ ತುಂಡು ನೆಲವನ್ನೇ ಮಕ್ಕಳಿಗೆ ಹಂಚುತ್ತಿದ್ದರು, ಮದುವೆಗಳೂ ಬೇಗ ಆಗುತ್ತಿದ್ದವು. ಕ್ಷಾಮದ ನಂತರ ಜಮೀನನ್ನು ಒಡೆಯದೆ ಒಬ್ಬನೇ ಮಗನಿಗೆ ಬಿಡುವ ರೂಢಿ ಬಲಗೊಂಡಿತು. ಅವನ ಮದುವೆಯೊಂದಿಗೇ ಜಮೀನು ಕೈ ಬದಲಾಯಿಸುವಂತಾದಾಗ ಮಧ್ಯಸ್ಥನ ಮಾತಿಗೂ ತೂಕ ಬಂದಿತು. ಹೆಣ್ಣಿನ ತಂದೆ ಗಂಡಿನ ಹೊಲದಲ್ಲೆಲ್ಲ ಅಡ್ಡಾಡಿ, ಮಣ್ಣು ನೋಡಿ, ದನ ಎಣಿಸುತ್ತಿದ್ದ. ವಿಸ್ಕಿ ಬಾಟಲಿ ಮುಂದಿಟ್ಟುಕೊಂಡು ಚೌಕಾಸಿ ನಡೆಯುತ್ತಿತ್ತು. ಮಾತು ಕುದುರಿದರೆ ವಕೀಲರ ಬಳಿ ಕರಾರುಪತ್ರ. ಯಜಮಾನಿಕೆ ಬಿಟ್ಟುಕೊಡುವ ಮುದುಕ ಮುದುಕಿಗೆ ಯಾವ ಕೋಣೆ, ಎಷ್ಟು ಆಲೂಗಡ್ಡೆ, ಅವರ ಹಸು ಎಲ್ಲಿ ಮೇಯಬೇಕು ಎಂಬುದನ್ನೂ ಅದರಲ್ಲಿ ಬರೆಸುತ್ತಿದ್ದರು. ತಂದೆತಾಯಿಯರ ಮುಪ್ಪಿಗೆ ಮಾಡಿದ ಈ ಏರ್ಪಾಟನ್ನು ಮಾತ್ರ ಮನಸಾರೆ ಮೆಚ್ಚುತ್ತೇನೆ.

ತಪಸ್ಸುಕಾಲದಲ್ಲಿ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ವ್ರತದ ವಾರಗಳಲ್ಲಿ, ಚರ್ಚು ಮದುವೆ ಮಾಡಿಸುತ್ತಿರಲಿಲ್ಲವಾದ್ದರಿಂದ ಅದರ ಹಿಂದಿನ ವಾರಗಳಲ್ಲಿ ಮದುವೆಗಳ ಭರಾಟೆ. ಆಗಲೂ ಒಂಟಿಯಾಗಿ ಉಳಿದವರ ಬೆನ್ನಿಗೆ, ತಪಸ್ಸುಕಾಲದ ಮೊದಲ ಭಾನುವಾರ, ಕೆಲವೆಡೆ ಹುಡುಗರು ಸೀಮೆಸುಣ್ಣ ಬಳಿಯುತ್ತಿದ್ದರು. ಜಮೀನು ಕೈಗೆ ಬರುವವರೆಗೆ ಮದುವೆಯಾಗಲಾರದವನನ್ನು ಹಾಗೆ ಗೇಲಿ ಮಾಡುವುದು ನನಗೆ ಕ್ರೂರವೆನಿಸುತ್ತದೆ.

ಸಂಸಾರ ಮುರಿಯುತ್ತಿರಲಿಲ್ಲ ಎಂದಿರಿ. 1937ರ ಸಂವಿಧಾನವೇ ಅಲ್ಲಿ ವಿಚ್ಛೇದನವನ್ನು ನಿಷೇಧಿಸಿತ್ತು. 1995ರ ಜನಮತಗಣನೆಯಲ್ಲಿ ತೀರಾ ಕಡಿಮೆ ಅಂತರದಿಂದ ಆ ನಿಷೇಧ ತೆರವಾಯಿತು. ಬಿಡುಗಡೆಯ ದಾರಿಯೇ ಇಲ್ಲದಿದ್ದ ಕಾಲದ ದಾಂಪತ್ಯಗಳನ್ನು ಸುಖದ ಸಾಕ್ಷಿಯಾಗಿ ತೋರಿಸಲು ನನಗೆ ಮನಸ್ಸಿಲ್ಲ.

ಇನ್ನು ವರದಕ್ಷಿಣೆ. ಸೊಸೆ ತಂದ ಹಣ ಸಾಮಾನ್ಯವಾಗಿ ಅವಳ ಕೈಯಲ್ಲಿ ಉಳಿಯುತ್ತಿರಲಿಲ್ಲ. ಅದು ಅತ್ತೆಮಾವಂದಿರಿಗೆ ಸೇರಿ, ಎಷ್ಟೋ ಸಲ ನಾದಿನಿಯ ವರದಕ್ಷಿಣೆಯಾಗಿ ಮತ್ತೊಂದು ಮನೆಗೆ ಹೋಗುತ್ತಿತ್ತು. ಬಹಳಷ್ಟು ಮನೆಗಳಲ್ಲಿ ಒಬ್ಬ ಮಗಳಿಗೆ ಕೊಡುವಷ್ಟರಲ್ಲೇ ಕೈ ಬರಿದು. ಉಳಿದವರು ಅಣ್ಣನ ಮನೆಯಲ್ಲಿ ದುಡಿಯಬೇಕು, ಇಲ್ಲವೇ ಕ್ರೈಸ್ತ ಸನ್ಯಾಸಿನಿಯರ ಮಠ ಸೇರಬೇಕು. ಅಲ್ಲಿಯೂ ಹಣ ತಂದವರಿಗೊಂದು ಸ್ಥಾನ, ತಾರದವರಿಗೆ ಅಡುಗೆ, ಒಗೆತದ ಕೆಲಸ. ಅಸಂಖ್ಯ ಹೆಣ್ಣುಮಕ್ಕಳು ಒಂಟಿಯಾಗಿ ಅಮೆರಿಕದ ಹಡಗು ಹತ್ತಿದರು. ಅಲ್ಲಿ ಮನೆಗೆಲಸ ಮಾಡಿ ಉಳಿಸಿದ ಹಣದಲ್ಲಿ ತಂಗಿಗೆ ಹಡಗಿನ ಟಿಕೆಟು ಕಳಿಸಿದವರಿದ್ದಾರೆ. ತಮ್ಮ ವರದಕ್ಷಿಣೆಯನ್ನು ತಾವೇ ಗಳಿಸಿಕೊಂಡು ಊರಿಗೆ ಮರಳಿ ಮದುವೆಯಾದವರೂ ಇದ್ದಾರೆ.