ಗಾಜಿನೊಳಗಿನ ಬಿಸಿಲು ಇಗ್ವಾನಾಕ್ಕೆ ಸಾಲದು

ಪ್ರಶ್ನೆ: ನಮ್ಮ ಹಸಿರು ಇಗ್ವಾನಾಕ್ಕೆ (ದೊಡ್ಡ ಹಲ್ಲಿಯಂಥ ಸರೀಸೃಪ) ಎರಡೂವರೆ ವರ್ಷ, ಬಾಲ ಸೇರಿ ನಾಲ್ಕಡಿ ಉದ್ದ. ಕಿಟಕಿ ಪಕ್ಕದ ಗಾಜಿನ ತೊಟ್ಟಿಯಲ್ಲಿದೆ. ಪಾಲಕ್, ಸೌತೆಕಾಯಿ, ವಾರಕ್ಕೊಮ್ಮೆ ಬೇಯಿಸಿದ ಮೊಟ್ಟೆ ಕೊಡುತ್ತೇವೆ. ಮಳೆ ಹಿಡಿದ ಮೇಲೆ ಸರಿಯಾಗಿ ತಿನ್ನುತ್ತಿಲ್ಲ, ಕಾಲ್ಬೆರಳು ಅದುರುತ್ತಿವೆ. ಏನು ಮಾಡಬೇಕು?
(ಓದುಗರು, ಚಿಕ್ಕಮಗಳೂರು)

ಉತ್ತರ: ಬೆರಳು ಅದುರುವುದು ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿರುವುದರ ಲಕ್ಷಣ. ಹೀಗೇ ಬಿಟ್ಟರೆ ದವಡೆ ಮೆತ್ತಗಾಗುತ್ತದೆ, ತೊಡೆ ಊದಿಕೊಳ್ಳುತ್ತದೆ, ಸಣ್ಣ ಜಿಗಿತಕ್ಕೂ ಮೂಳೆ ಮುರಿಯುತ್ತದೆ. ಇವತ್ತೇ ಎತ್ತರದ ಕೊಂಬೆಗಳನ್ನು ತೆಗೆಯಿರಿ. ತಡಮಾಡದೆ ಎಕ್ಸ್‌ರೇ, ರಕ್ತಪರೀಕ್ಷೆ ಮಾಡಿಸಿ. ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಫೋನ್ ಮಾಡಿ, ಸರೀಸೃಪ ನೋಡುವ ವೈದ್ಯರು ಸಿಗುತ್ತಾರೆಯೇ ಎಂದು ಮೊದಲು ಕೇಳಿಕೊಳ್ಳಿ. ಕ್ಯಾಲ್ಸಿಯಂ ಸಿರಪ್ಪನ್ನು ಅಂದಾಜಿನ ಮೇಲೆ ಕುಡಿಸಬೇಡಿ.

ತಪ್ಪು ಆಗಿರುವುದು ಮುಖ್ಯವಾಗಿ ಬೆಳಕಿನಲ್ಲಿ. ಕಿಟಕಿ ಗಾಜು ಬಿಸಿಲಿನ ಶಾಖವನ್ನು ಒಳಗೆ ಬಿಡುತ್ತದೆ, ಆದರೆ ಅದರಲ್ಲಿರುವ ಯುವಿಬಿ ಎಂಬ ಅತಿನೇರಳೆ ಕಿರಣವನ್ನು ಬಹುಪಾಲು ತಡೆಯುತ್ತದೆ. ಆ ಕಿರಣ ಚರ್ಮಕ್ಕೆ ಬೀಳದಿದ್ದರೆ ಡಿ3 ವಿಟಮಿನ್ ಆಗುವುದಿಲ್ಲ. ಡಿ3 ಇಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಸರೀಸೃಪಗಳಿಗೆಂದೇ ಮಾರುವ ಉದ್ದನೆಯ ಯುವಿಬಿ ಟ್ಯೂಬನ್ನು ಅದು ಮಲಗುವ ಕೊಂಬೆಯಿಂದ ಸುಮಾರು 30 ಸೆಂ.ಮೀ. ಮೇಲೆ, ನಡುವೆ ಗಾಜಾಗಲಿ ಪ್ಲಾಸ್ಟಿಕ್ಕಾಗಲಿ ಇಲ್ಲದಂತೆ ಹಾಕಿ, ದಿನಕ್ಕೆ 12 ಗಂಟೆ ಉರಿಸಿ. ಬೆಳಕು ಕಾಣುತ್ತಿದ್ದರೂ ಕಿರಣ ಕುಂದುತ್ತದೆ, ಹಾಗಾಗಿ ವರ್ಷದೊಳಗೆ ಬದಲಿಸಬೇಕು.

ಮಳೆಗಾಲದಲ್ಲಿ ಊಟ ಬಿಡುವುದು ಚಳಿಯಿಂದ. ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಸೊಪ್ಪನ್ನು ಹುಳಿಬರಿಸಿ ಕರಗಿಸಬೇಕಾದರೆ ಮೈ ಬಿಸಿಯಾಗಿರಬೇಕು. ಮೈ ಕಾಯಿಸಿಕೊಳ್ಳುವ ಜಾಗ 35ರಿಂದ 37 ಡಿಗ್ರಿ, ತಂಪು ಮೂಲೆ 27ರ ಆಸುಪಾಸು, ರಾತ್ರಿ 23ಕ್ಕಿಂತ ಕೆಳಗಿಳಿಯದಿರಲಿ. ಮಲೆನಾಡಿನ ರಾತ್ರಿಗೆ ಬೆಳಕು ಬಾರದ ಸೆರಾಮಿಕ್ ಹೀಟರ್, ಅದರ ಶಾಖವನ್ನು ಹದದಲ್ಲಿಡಲು ಒಂದು ಥರ್ಮೋಸ್ಟಾಟ್ ಬೇಕೇ ಬೇಕು. ಹೀಟರಿಗೆ ಜಾಲರಿ ಹೊದಿಸದಿದ್ದರೆ ಮೈ ಸುಟ್ಟುಕೊಳ್ಳುತ್ತದೆ. ಗಾಜಿನ ತೊಟ್ಟಿ ಬಿಟ್ಟು ಆರಡಿ ಎತ್ತರ, ಆರಡಿ ಉದ್ದ, ಮೂರಡಿ ಆಳದ ಗೂಡು ಮಾಡಿಸಿ. ಇನ್ನೂ ಬೆಳೆಯುವ ಪ್ರಾಣಿ ಅದು.

ಮೊಟ್ಟೆ ನಿಲ್ಲಿಸಿ, ಪ್ರಾಣಿಜನ್ಯ ಪ್ರೋಟೀನ್ ಮೂತ್ರಪಿಂಡ ಕೆಡಿಸುತ್ತದೆ. ಪಾಲಕ್, ಹರಿವೆಯಲ್ಲಿರುವ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕುತ್ತದೆ. ಸೌತೆಕಾಯಿ ಬರೀ ನೀರು. ನುಗ್ಗೆಸೊಪ್ಪು, ಹಿಪ್ಪುನೇರಳೆ ಎಲೆ, ದಾಸವಾಳದ ಎಲೆ-ಹೂವು ಸಣ್ಣಗೆ ಹೆಚ್ಚಿ ದಿನಾ ಬೆಳಿಗ್ಗೆ ಕೊಡಿ. ಜೊತೆಗೆ ತುರಿದ ಸಿಹಿಗುಂಬಳ ಸ್ವಲ್ಪ. ಕಾಫಿ ತೋಟದಂಚಿನ ಎಲೆಗೆ ಔಷಧಿ ಹೊಡೆದಿರುತ್ತಾರೆ, ತರಬೇಡಿ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಅಂಟುತ್ತದೆ. ಅದರ ಬಟ್ಟಲನ್ನು ಅಡುಗೆಮನೆ ಸಿಂಕಿನಲ್ಲಿ ತೊಳೆಯಬೇಡಿ.

ಇಗ್ವಾನಾ ಸಾಕುವವರು 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲಿನಲ್ಲಿ ನೋಂದಾಯಿಸಬೇಕು. ಇನ್ನೂ ಮಾಡಿಸಿಲ್ಲವಾದರೆ ಮೊದಲು ಮಾಡಿಸಿ.

ಪ್ರಶ್ನೆ: ತೋಟದಲ್ಲಿ ಉಡದ ಮರಿ ಸಿಕ್ಕಿದೆ. ಸಾಕಬಹುದೇ?
(ಓದುಗರು, ಸಕಲೇಶಪುರ)

ಉತ್ತರ: ಬೇಡ. ಉಡ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಹಿಡಿದಿಟ್ಟುಕೊಂಡರೆ ಕನಿಷ್ಠ 3 ವರ್ಷ ಜೈಲು. ಗಾಯವಿಲ್ಲದಿದ್ದರೆ ಸಿಕ್ಕಿದ ಜಾಗದಲ್ಲೇ ಬಿಡಿ, ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.