ಎಂಟಿಬಿ (ಮೌಂಟೇನ್ ಬೈಕ್ ಸೈಕಲ್) ಸರ್ವಿಸ್ ಪ್ರತಿ ಸಲ ಅಂಗಡಿಯಲ್ಲೇ ಮಾಡಿಸಬೇಕಾ?

ಹತ್ತು ಸ್ಪೀಡಿನ (ಹಿಂದೆ ಹತ್ತು ಗೇರಿರುವ), ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಹೊಸ ಹಾರ್ಡ್‌ಟೇಲ್ ತಗೊಂಡಿದ್ದೀರಿ, ವಾರಾಂತ್ಯಕ್ಕೆ ಬೆಂಗಳೂರಿನ ಹತ್ತಿರದ ಅವಲಹಳ್ಳಿ ಕಾಡಿನ ಕಡೆ ಓಡಿಸುತ್ತೀರಿ. ಪ್ರತಿ ಸಲ ಸರ್ವಿಸ್‌ಗೆ ಬಿಡಬೇಕಾ, ಮನೆಯಲ್ಲೇ ಮಾಡಿಕೊಳ್ಳಬಹುದಾ, ಯಾವ ಟೂಲ್ ಕಿಟ್ ತಗೊಳ್ಳಲಿ ಅಂತ ಕೇಳಿದ್ದೀರಿ.

ಮನೆಯಲ್ಲೇ ಮಾಡಿ. ಆದರೆ ದೊಡ್ಡ ಕಿಟ್ ಈಗಲೇ ಬೇಡ. ಮೊದಲು ಚೈನು ಮತ್ತು ಹಿಂದಿನ ಗೇರು, ಇವೆರಡನ್ನು ನೋಡಿಕೊಳ್ಳುವುದು ಕಲಿಯಿರಿ. ಜಾಸ್ತಿ ದುಡ್ಡು ಹೋಗುವುದೂ ಅಲ್ಲೇ, ಟ್ರೇಲ್ (ಕಾಡುದಾರಿ) ಮಧ್ಯೆ ಕೈ ಕೊಡುವುದೂ ಅವೇ.

ಚೈನಿನಿಂದ ಶುರು ಮಾಡೋಣ. ನಮ್ಮ ಕೆಮ್ಮಣ್ಣಿನ ಧೂಳು ಎಣ್ಣೆಯ ಜೊತೆ ಸೇರಿದರೆ ಉಜ್ಜುಕಾಗದದ ಹಾಗೆ ಕೆಲಸ ಮಾಡುತ್ತದೆ. ಚೈನಿನ ಪಿನ್ನುಗಳು ಒಳಗಿನಿಂದ ಸವೆಯುತ್ತವೆ, ಕೊಂಡಿ ಕೊಂಡಿಗೂ ಒಂದಿಷ್ಟು ಸಡಿಲ ಬರುತ್ತದೆ, ಒಟ್ಟಾರೆ ಚೈನು ಉದ್ದವಾಗುತ್ತದೆ. ಉದ್ದವಾದ ಚೈನು ಹಿಂದಿನ ಚಕ್ರದ ಹಲ್ಲುಚಕ್ರಗಳ ಗುಂಪಾದ ಕ್ಯಾಸೆಟ್‌ನ ಹಲ್ಲುಗಳನ್ನು ತಿನ್ನಲು ಶುರು ಮಾಡುತ್ತದೆ. ಆಮೇಲೆ ಹೊಸ ಚೈನು ಹಾಕಿದರೂ ಏರಿನಲ್ಲಿ ಜೋರಾಗಿ ತುಳಿದಾಗ ಜಾರುತ್ತದೆ. ಆಗ ಕ್ಯಾಸೆಟ್ಟೂ ಬದಲಾಯಿಸಬೇಕು, ಅದರ ಬೆಲೆ ಚೈನಿಗಿಂತ ಎಷ್ಟೋ ಪಾಲು ಜಾಸ್ತಿ.

ಇದನ್ನು ಅಳೆಯಲು ಇಂಚಿನ ಗುರುತಿರುವ ಸ್ಟೀಲ್ ಸ್ಕೇಲ್ ಸಾಕು. ಚೈನನ್ನು ಬಿಗಿಯಾಗಿ ಹಿಡಿದು ಒಂದು ಪಿನ್ನಿನ ನಡುವಿಗೆ ಸೊನ್ನೆ ಇಡಿ. ಹೊಸ ಚೈನಾದರೆ 12 ಇಂಚಿನ ಗುರುತಿಗೆ ಸರಿಯಾಗಿ ಇನ್ನೊಂದು ಪಿನ್ನಿನ ನಡುಭಾಗ ಬರುತ್ತದೆ. ಅದು 1/16 ಇಂಚು ಮುಂದೆ ಹೋಗಿದ್ದರೆ ಸುಮಾರು ಶೇ. 0.5 ಸವೆದಿದೆ ಅಂತ ಅರ್ಥ. 11, 12 ಸ್ಪೀಡಿನವರು ಅಲ್ಲಿಗೇ ಬದಲಾಯಿಸುವುದು ಒಳ್ಳೆಯದು. ನಿಮ್ಮ ಹತ್ತು ಸ್ಪೀಡಿಗೆ ಶೇ. 0.75ರವರೆಗೆ ಕಾಯಬಹುದು. 1/8 ಇಂಚು ಮುಂದೆ ಹೋಗಿದ್ದರೆ ಕ್ಯಾಸೆಟ್ಟೂ ಹಾಳಾಗಿರುವ ಸಾಧ್ಯತೆಯೇ ಜಾಸ್ತಿ.

ಓಡಿಸಿ ಬಂದ ಮೇಲೆ ಒಣ ಬಟ್ಟೆಯಲ್ಲಿ ಚೈನು ಹಿಡಿದು ಪೆಡಲ್ ಹಿಂದಕ್ಕೆ ತಿರುಗಿಸಿ ಒರೆಸಿ. ಕೊಳೆ ಜಾಸ್ತಿಯಿದ್ದರೆ ಹಳೇ ಟೂತ್‌ಬ್ರಷ್‌ಗೆ ಡಿಗ್ರೀಸರ್ (ಜಿಡ್ಡು ತೆಗೆಯುವ ದ್ರವ) ಹಾಕಿ ಉಜ್ಜಿ, ನೀರಿನಲ್ಲಿ ತೊಳೆದು, ಪೂರ್ತಿ ಒಣಗಲು ಬಿಡಿ. ನಂತರ ಒಂದೊಂದು ರೋಲರ್ ಮೇಲೂ ಒಂದೊಂದು ಹನಿ ಲ್ಯೂಬ್ (ಚೈನಿನ ಎಣ್ಣೆ). ಸ್ವಲ್ಪ ಹೊತ್ತು ಬಿಟ್ಟು ಹೊರಗಿನದನ್ನು ಚೆನ್ನಾಗಿ ಒರೆಸಿ ತೆಗೆಯಿರಿ. ಎಣ್ಣೆ ಬೇಕಾಗಿರುವುದು ಒಳಗೆ, ಹೊರಗೆ ಉಳಿದದ್ದು ಧೂಳು ಹಿಡಿಯುತ್ತದೆ ಅಷ್ಟೇ. ಬೇಸಿಗೆಗೆ ಡ್ರೈ ಲ್ಯೂಬ್, ಮಳೆಗಾಲಕ್ಕೆ ವೆಟ್ ಲ್ಯೂಬ್. ಬೈಕಿನ ಇಂಜಿನ್ ಆಯಿಲ್ ಬೇಡವೇ ಬೇಡ. ಸ್ಪ್ರೇ ಲ್ಯೂಬ್ ಕೂಡ ಬೇಡ ಅಂತೀನಿ, ಯಾಕೆಂದರೆ ಹಿಂದಿನ ಬ್ರೇಕ್ ಡಿಸ್ಕ್ ದೂರವೇನಿಲ್ಲ, ತುಂತುರು ಅದರ ಮೇಲೂ ಬೀಳಬಹುದು. ಬ್ರೇಕ್ ಪ್ಯಾಡ್ ಒಮ್ಮೆ ಎಣ್ಣೆ ಕುಡಿದರೆ ಕಿರುಚುತ್ತದೆ, ಹಿಡಿಯುವುದಿಲ್ಲ, ಹೆಚ್ಚಿನ ಸಲ ಹೊಸ ಪ್ಯಾಡೇ ಹಾಕಬೇಕಾಗುತ್ತದೆ.

ಇನ್ನು ಗೇರು. ಸೈಕಲ್ ಬಲಕ್ಕೆ ಬಿದ್ದ ಮೇಲೆ ಗೇರು ಸರಿಯಾಗಿ ಕೂರುತ್ತಿಲ್ಲ ಅಂತ ಸುಮ್ನೆ ಬ್ಯಾರಲ್ ಅಡ್ಜಸ್ಟರ್ (ಗೇರ್ ಕೇಬಲ್ ಬಿಗಿ, ಸಡಿಲ ಮಾಡುವ ತಿರುಪು) ತಿರುಗಿಸುತ್ತಾ ಕೂರುವವರನ್ನು ತುಂಬಾ ನೋಡಿದ್ದೇನೆ. ದಯವಿಟ್ಟು ಮೊದಲು ಹ್ಯಾಂಗರ್ ನೋಡಿ. ಫ್ರೇಮಿಗೂ, ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಡಿರೈಲರ್‌ಗೂ ನಡುವೆ ಇರುವ ಚಿಕ್ಕ ಅಲ್ಯುಮಿನಿಯಂ ತುಂಡು ಅದು. ಬಿದ್ದಾಗ ಫ್ರೇಮ್ ಉಳಿಯಲಿ, ತಾನು ಬಾಗಲಿ ಅಂತಲೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಸೈಕಲ್ ಹಿಂದೆ ಕೂತು ನೋಡಿ: ಎರಡು ಪುಟ್ಟ ಚಕ್ರಗಳಿರುವ ಕೇಜು ಕ್ಯಾಸೆಟ್‌ಗೆ ಸಮಾನಾಂತರವಾಗಿ ಇಳಿದಿರಬೇಕು. ಕೆಳತುದಿ ಚಕ್ರದ ಕಡೆ ವಾಲಿದ್ದರೆ ಹ್ಯಾಂಗರ್ ಬಾಗಿದೆ. ಆ ಸ್ಥಿತಿಯಲ್ಲಿ ಅತಿ ದೊಡ್ಡ ಹಲ್ಲುಚಕ್ರದ ಗೇರಿಗೆ ಹಾಕಿದರೆ ಡಿರೈಲರ್ ಚಕ್ರದ ಕಡ್ಡಿಗಳ ಒಳಗೆ ಸಿಕ್ಕಿಕೊಳ್ಳಬಹುದು. ಒಂದೇ ಏಟಿಗೆ ಡಿರೈಲರ್, ಹ್ಯಾಂಗರ್, ಕಡ್ಡಿ ಎಲ್ಲವೂ ಹೋಗುತ್ತವೆ. ಬಿದ್ದು ಎದ್ದಾಗ ಮೈಕೈ ನೋಡಿಕೊಂಡ ತಕ್ಷಣ ಮಾಡಬೇಕಾದ ಕೆಲಸ ಇದು, ಮತ್ತೆ ಏರು ಹತ್ತುವ ಮೊದಲೇ.

ಹ್ಯಾಂಗರ್ ನೇರವಾಗಿದ್ದರೆ ಉಳಿದದ್ದು ಸುಲಭ. ದೊಡ್ಡ ಹಲ್ಲುಚಕ್ರಕ್ಕೆ ಹತ್ತಲು ಚೈನು ತಡಮಾಡಿದರೆ ಬ್ಯಾರಲ್ ಅಡ್ಜಸ್ಟರನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ನೋಡಿ. ಚಿಕ್ಕದಕ್ಕೆ ಇಳಿಯಲು ತಡಮಾಡಿದರೆ ಅದರ ಉಲ್ಟಾ. ಡಿರೈಲರ್ ಎಷ್ಟು ದೂರ ಸರಿಯಬಹುದು ಅಂತ ಮಿತಿ ಹಾಕುವ, ಎಚ್, ಎಲ್ ಅಂತ ಬರೆದಿರುವ ಸ್ಕ್ರೂ ಸದ್ಯಕ್ಕೆ ಮುಟ್ಟಬೇಡಿ.

ಗಾಳಿ ಬಗ್ಗೆ ಒಂದು ಮಾತು. ಟೈರಿನ ಮೇಲೆ ಬರೆದಿರುವುದು ಗರಿಷ್ಠ ಮಿತಿ, ಅಷ್ಟು ತುಂಬಿಸಬೇಕು ಅಂತಲ್ಲ. 2.2 ಇಂಚಿನ ಟೈರು, ಒಳಗೆ ಟ್ಯೂಬು, 70 ಕೆಜಿ ಆಸುಪಾಸಿನ ಸವಾರ ಅಂದರೆ ನಾನು 30 ಪಿಎಸ್‌ಐಯಿಂದ ಶುರು ಮಾಡಲು ಹೇಳುತ್ತೇನೆ. ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು ಕಂಡರೆ ಗಾಳಿ ಕಡಿಮೆಯಾಗಿ ರಿಮ್ಮಿಗೆ ಸಿಕ್ಕಿದೆ ಅಂತ ತಿಳಿಯಿರಿ. ಒಂದೇ ತೂತಾದರೆ ಹೆಚ್ಚಾಗಿ ಮುಳ್ಳು. ಟೈರಿನ ಒಳಗೆ ಬಟ್ಟೆ ಆಡಿಸಿ ಅದನ್ನು ಹುಡುಕಿ ಕಿತ್ತ ಮೇಲೆಯೇ ಹೊಸ ಟ್ಯೂಬ್ ಹಾಕಿ.

ಕಾರು ತೊಳೆಯುವ ಕಡೆ ಪ್ರೆಶರ್ ವಾಷ್‌ಗೆ ಮಾತ್ರ ಕೊಡಬೇಡಿ. ನೀರು ಸೀಲ್ ದಾಟಿ ಚಕ್ರದ ನಡುವಿನ ಹಬ್ಬು, ಪೆಡಲ್ ಅಚ್ಚಿನ ಬಿಬಿ, ಹ್ಯಾಂಡಲ್ ಬುಡದ ಹೆಡ್‌ಸೆಟ್‌ನ ಬೇರಿಂಗ್‌ಗೆ ನುಗ್ಗುತ್ತದೆ. ಬಕೆಟ್, ಸ್ಪಂಜು ಸಾಕು. ಜೋರು ಮಳೆಯಾದ ಮರುದಿನ ಟ್ರೇಲ್‌ಗೆ ಹೋಗದೆ ಇರುವುದು ಇನ್ನೂ ಒಳ್ಳೆಯದು. ಹಸಿ ಮಣ್ಣಲ್ಲಿ ಬಿದ್ದ ಚಕ್ರದ ಗುರುತು ಒಣಗಿ ಗಟ್ಟಿಯಾಗುತ್ತದೆ, ಮುಂದಿನ ಮಳೆಗೆ ನೀರು ಅದರಲ್ಲೇ ಹರಿದು ದಾರಿಯೇ ಕೊಚ್ಚಿಹೋಗುತ್ತದೆ. ಆ ದಾರಿ ಎಲ್ಲರದ್ದೂ ಅಲ್ವಾ?

ಫೋರ್ಕ್ (ಮುಂದಿನ ಸಸ್ಪೆನ್ಷನ್) ಬಿಚ್ಚುವುದು, ಬ್ರೇಕ್ ಬ್ಲೀಡ್ ಮಾಡುವುದು (ಬ್ರೇಕಿನ ಎಣ್ಣೆಯಿಂದ ಗಾಳಿ ತೆಗೆಯುವುದು) ಮೊದಲ ವರ್ಷ ಅಂಗಡಿಗೇ ಬಿಡಿ. ಆದರೆ ನಿಮ್ಮ ಬ್ರೇಕಿಗೆ ಯಾವ ಎಣ್ಣೆ ಅಂತ ತಿಳಿದಿರಲಿ. ಶಿಮಾನೋ ಕಂಪನಿಯ ಬ್ರೇಕಿಗೆ ಮಿನರಲ್ ಆಯಿಲ್, ಸ್ರ್ಯಾಮ್‌ನ ಬಹುತೇಕ ಹಳೇ ಬ್ರೇಕುಗಳಿಗೆ ಡಾಟ್ ಫ್ಲೂಯಿಡ್. ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ಒಳಗಿನ ರಬ್ಬರ್ ಸೀಲ್ ಹಾಳಾಗುತ್ತದೆ. ಕೆಲಸ ಮಾಡುವವರನ್ನು ಕೇಳಲು ಸಂಕೋಚ ಬೇಡ.

ಈಗ ತಗೊಳ್ಳಬೇಕಾದದ್ದು: 2ರಿಂದ 8 ಎಂಎಂ ಅಲೆನ್ ಕೀ, ಟಿ25 ಟಾರ್ಕ್ಸ್, ಚೈನ್ ಬ್ರೇಕರ್ (ಚೈನು ಬಿಚ್ಚುವ ಟೂಲ್), ಹತ್ತು ಸ್ಪೀಡಿನ ಕ್ವಿಕ್ ಲಿಂಕ್ (ಚೈನು ಜೋಡಿಸುವ ಕೊಂಡಿ) ಒಂದೆರಡು, ಟೈರ್ ಲಿವರ್, ಟ್ಯೂಬು, ಮೀಟರ್ ಇರುವ ಪಂಪು. ಪೆಡಲ್ ಬಿಚ್ಚುವಾಗ ಎಡಗಡೆಯದು ಉಲ್ಟಾ ಥ್ರೆಡ್ ಅನ್ನೋದು ನೆನಪಿರಲಿ. ಇವುಗಳ ಜೊತೆ ಬ್ಯಾಗಿನಲ್ಲಿ ಒಂದು ಸ್ಪೇರ್ ಹ್ಯಾಂಗರ್ ಇರಲೇಬೇಕು. ಹೆಚ್ಚಾಗಿ ಫ್ರೇಮಿಗೊಂದು ಥರ ಇರುವುದರಿಂದ ಬೇಕಾದಾಗ ಸುಲಭವಾಗಿ ಸಿಗುವುದಿಲ್ಲ. ನಿಮ್ಮ ಸೈಕಲ್ಲಿನ ಮಾಡೆಲ್, ವರ್ಷ ಕಾಮೆಂಟಿನಲ್ಲಿ ಹಾಕಿ, ಯಾವುದು ಹೊಂದುತ್ತದೆ ಅಂತ ಹುಡುಕಿ ಹೇಳುತ್ತೇನೆ.