‘ನಷ್ಟ ರೆಡಿ ಐತ್ರೀ ಸಾರ್’

ವಿದ್ಯಾನಗರದಿಂದ ಲೇಖನ ಕಳಿಸಿದ ಗೆಳೆಯರಿಗೆ,

ದಾವಣಗೆರೆಯಿಂದ ಯಾರಾದರೂ ಡಗ್ ಫೀಗರ್ ಬಗ್ಗೆ ನಮ್ಮ ಪತ್ರಿಕೆಗೆ ಬರೆದಾರು ಅಂತ ನಾನು ಕನಸಲ್ಲೂ ಅಂದುಕೊಂಡಿರಲಿಲ್ಲ. ಅಮೆರಿಕದ ‘ದಿ ನ್ಯಾಕ್’ ರಾಕ್ ಬ್ಯಾಂಡಿನ ಹಾಡುಗಾರ, ‘ಮೈ ಶರೋನಾ’ ಹಾಡಿದವನು, 2010ರ ಫೆಬ್ರವರಿ 14ರಂದು ಕ್ಯಾನ್ಸರಿನಿಂದ ತೀರಿಕೊಂಡವನು. ಆಗ ಅವನಿಗೆ 57. ನಿಮ್ಮ ಇಸವಿಗಳೆಲ್ಲ ಸರಿ ಇವೆ, ಕಾಗುಣಿತ ತಪ್ಪಿಲ್ಲ, ಓದಿಸಿಕೊಂಡು ಹೋಗುತ್ತದೆ. ಹೊಗಳಿಕೆ ಇಷ್ಟೇ. ಈಗ ಜಗಳ.

ಮೊದಲನೇ ಸಾಲು: ‘ಸಂಗೀತ ಲೋಕದ ಧ್ರುವತಾರೆಯೊಂದು ಕಳಚಿ ಬಿದ್ದು ತುಂಬಲಾರದ ನಷ್ಟವಾಗಿದೆ.’

ತಮ್ಮಾ, ಧ್ರುವತಾರೆ ಕಳಚಲ್ಲ. ಕದಲದೆ ಒಂದೇ ಕಡೆ ಇರುತ್ತೆ ಅಂತಲೇ ಅದಕ್ಕೆ ಆ ಹೆಸರು. ಅದು ಹೋಗಲಿ, ‘ತುಂಬಲಾರದ ನಷ್ಟ’ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತೆ, ಅದಕ್ಕೊಂದು ಕಾರಣ ಇದೆ. ನಾನು ಕೆಲಸ ಕಲಿತದ್ದು ಇಲ್ಲೇ ಒಂದು ದಿನಪತ್ರಿಕೆಯಲ್ಲಿ, ಮೊಳೆ ಜೋಡಿಸುವ ಕಾಲದಲ್ಲಿ. ಒಂದೊಂದೇ ಅಕ್ಷರ ಹುಡುಕಿ ಕಡ್ಡಿಯಲ್ಲಿ ಕೂರಿಸಬೇಕು, ಅಚ್ಚಾದ ಮೇಲೆ ಎಲ್ಲ ಬಿಚ್ಚಿ ವಾಪಸ್ ಅದರದರ ಮನೆಗೆ ಹಾಕಬೇಕು. ನಮ್ಮ ಕಂಪೋಸಿಟರ್ ಒಂದೇ ಒಂದು ಸಾಲು ಮಾತ್ರ ಬಿಚ್ಚುತ್ತಿರಲಿಲ್ಲ. ‘ಅಗಲಿಕೆಯಿಂದ ತುಂಬಲಾರದ ನಷ್ಟವಾಗಿದೆ’ ಅನ್ನೋದನ್ನು ದಾರದಲ್ಲಿ ಕಟ್ಟಿ ಕಿಟಕಿ ಪಕ್ಕ ಇಟ್ಟುಬಿಟ್ಟಿದ್ದ. ಸಂಜೆ ನಾನು ನಿಧನ ವಾರ್ತೆ ಹಿಡಿದು ಹೋದರೆ ತಲೆ ಎತ್ತದೆ ಕೇಳುತ್ತಿದ್ದ: ‘ಹೆಸರಷ್ಟೇ ಹೇಳ್ರಿ ಸಾರ್, ನಷ್ಟ ರೆಡಿ ಐತ್ರೀ.’

ನಿಮ್ಮ ಸಾಲು ಓದುವಾಗ ಆ ದಾರ ನನ್ನ ಕಣ್ಣಿಗೆ ಕಂಡಿತು.

ಎರಡನೇ ಸಾಲು ಇನ್ನೂ ಜಾಸ್ತಿ ಚುಚ್ಚಿತು. ‘ಕೇವಲ ಒಂದೇ ಒಂದು ಹಾಡಿನಿಂದ ಮಾತ್ರ ಗುರುತಿಸಲ್ಪಟ್ಟ ನತದೃಷ್ಟ ಕಲಾವಿದ.’ ಕೇವಲ, ಒಂದೇ, ಒಂದು, ಮಾತ್ರ. ಒಬ್ಬ ಮನುಷ್ಯನನ್ನು ಸಣ್ಣವನು ಮಾಡೋಕೆ ನಾಲ್ಕು ಪದ! ಲೆಕ್ಕವೂ ಸರಿಯಿಲ್ಲ. ಅದೇ ತಂಡದ ‘ಗುಡ್ ಗರ್ಲ್ಸ್ ಡೋಂಟ್’ ಅಮೆರಿಕದ ಬಿಲ್‌ಬೋರ್ಡ್ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 11ನೇ ಸ್ಥಾನದವರೆಗೆ ಹೋಗಿತ್ತು. ‘ಮೈ ಶರೋನಾ’ವಂತೂ 1979ರಲ್ಲಿ, ಎಲ್ಲೆಲ್ಲೂ ಡಿಸ್ಕೊ ಕುಣಿಯುತ್ತಿದ್ದಾಗ, ಆರು ವಾರ ಮೊದಲನೇ ಸ್ಥಾನ ಬಿಡಲಿಲ್ಲ. ಬಿಲ್‌ಬೋರ್ಡಿನ ಆ ಇಡೀ ವರ್ಷದ ಪಟ್ಟಿಯಲ್ಲೂ ಅದೇ ಮೊದಲು. ಇವನು ನತದೃಷ್ಟನಾದರೆ ನಾವೆಲ್ಲ ಏನು?

ವಿಯರ್ಡ್ ಆಲ್ ಯಾಂಕೊವಿಕ್ ಅನ್ನೋ ಕಾಲೇಜು ಹುಡುಗ ಇದೇ ಹಾಡನ್ನು ಅಣಕ ಮಾಡಿ, ಅಕಾರ್ಡಿಯನ್ ಹಿಡಿದು (ನಮ್ಮ ಹಾರ್ಮೋನಿಯಂನ ದಾಯಾದಿ ಅದು) ಕಾಲೇಜಿನ ಬಾತ್‌ರೂಮಿನಲ್ಲಿ ರೆಕಾರ್ಡ್ ಮಾಡಿದ್ದನ್ನು ನೀವು ‘ಅವಮಾನ’ ಅಂತ ಬರೆದಿದ್ದೀರಿ. ಆದರೆ ಆ ಅಣಕವನ್ನು ಹೊರಗೆ ತನ್ನಿ ಅಂತ ಕ್ಯಾಪಿಟಲ್ ರೆಕಾರ್ಡ್ ಕಂಪನಿಯವರಿಗೆ ಹೇಳಿದವನು ಸ್ವತಃ ಫೀಗರ್! ತನ್ನ ಹಾಡಿಗೆ ತಾನೇ ನಕ್ಕವನ ಮೇಲೆ ನೀವು ಯಾಕೆ ಕಣ್ಣೀರು ಸುರಿಸುತ್ತಿದ್ದೀರಿ?

ಒಂದು ಹಾಡು ಅಂದರೆ ಏನು ಅಂತ ನನಗೂ ಗೊತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಂಪನಿ ನಾಟಕದ ಹಾರ್ಮೋನಿಯಂ ಮೇಷ್ಟ್ರೊಬ್ಬರು ತೀರಿಕೊಂಡರು. ದುಗ್ಗಮ್ಮನ ಜಾತ್ರೆಗೆ ಕಂಪನಿ ಬಂದಾಗ ಅವರು ರಾಗ ಹಾಕಿದ ಒಂದು ಹಾಡಿಗೆ ದಿನಾ ಒನ್ಸ್ ಮೋರ್ ಬೀಳುತ್ತಿತ್ತು, ಕೆಲವು ದಿನ ಮೂರು ಸಲ. ಆ ಹಾಡಿನ ಮೇಲೇ ಕಂಪನಿಯ ಒಲೆ ಉರಿಯುತ್ತಿತ್ತು ಅಂತ ಎಲ್ಲರೂ ಹೇಳುತ್ತಿದ್ದರು. ನಾನು ಥೇಟ್ ನಿಮ್ಮ ಹಾಗೇ ಬರೆದೆ: ‘ಒಂದು ಹಾಡಿಗೆ ಮಾತ್ರ ಸೀಮಿತವಾದ ಪ್ರತಿಭೆ.’ ಜತೆಗೆ ಕಿಟಕಿ ಪಕ್ಕದ ನಷ್ಟ. ಮಾರನೇ ದಿನ ಅವರ ಮಗ ಆಫೀಸಿಗೆ ಬಂದ. ಬಯ್ಯಲಿಲ್ಲ. ಪೇಪರನ್ನು ಟೇಬಲ್ ಮೇಲಿಟ್ಟು, ‘ಕರಿ ನಾಲ್ಕರ ಶ್ರುತಿಯಲ್ಲಿ ಎತ್ತಿಕೊಂಡ ಪಾತ್ರಧಾರಿ ಪದ್ಯದ ನಡುವೆ ಜಾರಿದರೆ, ನಮ್ಮಪ್ಪ ಅವನ ಹಿಂದೇನೇ ಬೆರಳು ಜಾರಿಸಿ, ಜನಕ್ಕೆ ಗೊತ್ತಾಗದಂಗೆ ಶ್ರುತಿಗೆ ಕರಕೊಂಡು ಬರ್ತಿದ್ದ. ಅದನ್ನ ಬರೀಬಹುದಿತ್ತಲ್ಲ ಸಾರ್’ ಅಂದ. ಟೀ ತರಿಸುತ್ತೇನೆ ಅಂದೆ, ಕುಡಿಯದೆ ಹೋದ.

ಮೂರನೇ ಸಾಲು. ‘ಗಿಟಾರಿನ ಸುಮಧುರ ನಾದ ಎಲ್ಲರ ಮನಸೂರೆಗೊಳ್ಳುತ್ತದೆ.’ ನಿಜ ಹೇಳಿ, ಬರೆಯುವ ಮುಂಚೆ ಹಾಡು ಇನ್ನೊಂದು ಸಲ ಕೇಳಿದಿರಾ? ಅದರಲ್ಲಿ ಸುಮಧುರ ಎಲ್ಲಿದೆ? ಶುರುವಾಗೋದೇ ಡ್ರಮ್ಮಿನಿಂದ. ಯಾರೋ ಬಾಗಿಲು ಬಡಿದ ಹಾಗೆ ಎರಡು ಗಳಿಗೆ ಬರೀ ಬಡಿತ. ಆಮೇಲೆ ಬೇಸ್ ಗಿಟಾರು, ಕೆಳಗಿನ ಸ್ವರದಿಂದ ಅದೇ ಸ್ವರದ ಮೇಲಿನ ಮನೆಗೆ ಹಾರೋದು, ಇಳಿಯೋದು. ಗಿಟಾರು ಬರೋದು ಅದರ ಮೇಲೆ, ಒರಟಾಗಿ, ಅದೇ ಹಾರಾಟ ಹಿಡಿದು. ಫೀಗರ್ ‘ಮ ಮ ಮ ಮೈ’ ಅಂತ ತೊದಲುತ್ತಾನೆ. ಶರೋನಾ ಅನ್ನೋ ನಿಜವಾದ ಹುಡುಗಿಯ ಮೇಲೆ ಮನಸ್ಸಾಗಿ ಬಾಯಿ ಒಣಗಿದವನ ತೊದಲು ಅದು. ಮಧುರ ಅಲ್ಲ, ಚಡಪಡಿಕೆ. ಇನ್ನೊಂದು ಮಾತು, ಆ ಗಿಟಾರಿನ ಪಟ್ಟು ಕಟ್ಟಿದವನು ಅದೇ ತಂಡದ ಗಿಟಾರಿನವನು ಬರ್ಟನ್ ಅವೆರೆ. ಸತ್ತವನಿಗೆ ಗೌರವ ಕೊಡುವ ಭರದಲ್ಲಿ ಬದುಕಿರುವವನ ಕೆಲಸ ಕಿತ್ತುಕೊಳ್ಳಬೇಡಿ.

ಇಷ್ಟು ಸಿಟ್ಟಿಗೆ ಕಾರಣ ನಿಮ್ಮ ನಾಲ್ಕನೇ ಪುಟ. ಅಲ್ಲಿ ಸುಮ್ನೆ ದಾಟಿಕೊಂಡು ಹೋಗುತ್ತಾ ಒಂದು ವಾಕ್ಯ ಬರೆದಿದ್ದೀರಿ. ನಿಮ್ಮ ಚಿಕ್ಕಪ್ಪ ಕ್ಯಾಸೆಟ್ ತುಂಬಿಸಿಕೊಡುವ ಅಂಗಡಿ ಇಟ್ಟಿದ್ದರು, ಇಂಗ್ಲಿಷ್ ಬರುತ್ತಿರಲಿಲ್ಲ, ಈ ಹಾಡನ್ನು ‘ಶರಣಮ್ಮನ ಹಾಡು’ ಅಂತ ಕರೆಯುತ್ತಿದ್ದರು ಅಂತ. ನಾನು ಒಬ್ಬನೇ ಕೂತು ಜೋರಾಗಿ ನಕ್ಕೆ. ಆಮೇಲೆ ನೋಡಿದರೆ ಮುಂದಿನ ಸಾಲಿನಲ್ಲೇ ನೀವು ‘ಇರಲಿ, ವಿಷಯಕ್ಕೆ ಬರೋಣ’ ಅಂದುಬಿಟ್ಟಿದ್ದೀರಿ.

ಯಾವ ವಿಷಯಕ್ಕೆ ಬರಬೇಕು ಮಾರಾಯರೇ? ಆ ಅಂಗಡಿ ಎಲ್ಲಿತ್ತು? ಹಾಡುಗಳ ಪಟ್ಟಿ ಬರೆದುಕೊಂಡು ಬರುತ್ತಿದ್ದವರು ಯಾರು, ಇಂಜಿನಿಯರಿಂಗ್ ಕಾಲೇಜಿನ ಹುಡುಗರಾ? ಕ್ಯಾಸೆಟ್ಟಿನ ಚೀಟಿ ಮೇಲೆ ಚಿಕ್ಕಪ್ಪ ಶರೋನಾ ಅಂತ ಬರೆಯುತ್ತಿದ್ದರಾ, ಶರಣಮ್ಮ ಅಂತಲೋ? ಗಿರಾಕಿ ಇಲ್ಲದ ಮಧ್ಯಾಹ್ನ ಅವರೇ ಹಾಕಿಕೊಂಡು ಕೇಳುತ್ತಿದ್ದರಾ? ಡ್ರಮ್ ಬಡಿದಾಗ ಅವರ ಕಾಲು ಏನು ಮಾಡುತ್ತಿತ್ತು?

ಈ ಲೇಖನ ಹೀಗೇ ಹಾಕಲ್ಲ. ಮೊದಲ ಮೂರು ಪುಟ ಬಿಟ್ಟು ಮತ್ತೆ ಬರೆಯಿರಿ. ಪೋಸ್ಟ್ ಬೇಡ, ಆಫೀಸಿಗೆ ನೀವೇ ಬನ್ನಿ, ಮಧ್ಯಾಹ್ನ ಮೂರರ ಮೇಲೆ. ಆ ಕ್ಯಾಸೆಟ್ ಇನ್ನೂ ಇದ್ದರೆ ತನ್ನಿ. ನನ್ನ ಹತ್ತಿರ ಹಳೇ ಟೇಪ್ ರೆಕಾರ್ಡರ್ ಇದೆ, ಬೆಲ್ಟ್ ಸಡಿಲ ಆಗಿದೆ, ಶರಣಮ್ಮ ಸ್ವಲ್ಪ ನಿಧಾನಕ್ಕೆ ಹಾಡುತ್ತಾಳೆ.